ಅವ್ವನ ಸಿಂಗಾರ

"ನಿಮ್ಮವ್ವ ಎಲ್ಲಿ ಹೋಗಿ ಮಾರಿಗೆ ಬಣ್ಣ ಬಳಕೊಂಡು ಬರ್ತಾಳ, ಹಿಂದ ಹೋಗಿ ನೋಡ್ಕೊಂಡು ಬಾ."

ಬಸವಂತಮ್ಮ ಮೊಮ್ಮಗಳ ಕಿವಿಯಲ್ಲಿ ಇಷ್ಟು ಹೇಳಿ, ಬೆನ್ನು ತಟ್ಟಿ ಕಳಿಸಿದಳು. ಸ್ವಪ್ನಾಗೆ ಆಗ ಏಳು ವರ್ಷ. ಅಂದು ಶಾಲೆಗೆ ರಜೆ. ಅವ್ವನ ಬೆನ್ನು ಹತ್ತುವುದು ಅವಳಿಗೊಂದು ಆಟವಾಯಿತು.

ಮುದುಕಿ ತಾನೇ ಹೋಗುವಂತಿರಲಿಲ್ಲ. ಹೋದ ತಿಂಗಳು ಎದೆಯ ಆಪರೇಷನ್ ಆಗಿತ್ತು. ಮಂಚ ಬಿಟ್ಟು ಇಳಿಯಕೂಡದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಬಾಯಿಗೆ ಮಾತ್ರ ಯಾವ ಕಟ್ಟೂ ಇರಲಿಲ್ಲ. ಮಾನ್ವಿಯ ಆ ಓಣಿಯಲ್ಲಿ ಅವಳ ಬಾಯಿಗೆ ಹೆದರದವರೇ ಇಲ್ಲ. ನೋಡಲು ಬಂದವರನ್ನೆಲ್ಲ ದೊಡ್ಡ ಮಗ ವಿರೂಪಣ್ಣ ಹೊರಗಿನ ಕಟ್ಟೆಯ ಮೇಲೇ ಕೂರಿಸಿ, ಚಹಾ ಕುಡಿಸಿ, ಅಲ್ಲಿಂದಲೇ ಸಾಗಹಾಕುತ್ತಿದ್ದ.

ಅವಳ ಸಿಟ್ಟಿಗೆ ಕಾರಣವಿತ್ತು. ಕಿರಿಯ ಮಗ ಆನಂದ ಬೈಕಿನಿಂದ ಬಿದ್ದು ರಾಯಚೂರಿನ ಆಸ್ಪತ್ರೆ ಸೇರಿದ್ದ. ದವಡೆಗೆ ಪಟ್ಟಿ ಹಾಕಿದ್ದಾರೆ, ಮಾತಾಡುವಂತಿಲ್ಲ, ಗಂಜಿಯಷ್ಟೇ ಇಳಿಯುತ್ತದೆ ಎಂದು ವಿರೂಪಣ್ಣ ಹೇಳಿದ್ದ. ಆನಂದನ ಹೆಂಡತಿ ದೇವಿಕಾ ಬೆಳಿಗ್ಗೆ ಗಂಜಿಯ ಡಬ್ಬಿ ಹಿಡಿದು ಹೊರಟರೆ ಬರುವುದು ಸಂಜೆಗೆ. ಬರುವಾಗ ಕಣ್ಣಿಗೆ ಕಾಡಿಗೆ, ತುಟಿಗೆ ಕೆಂಪು, ಕೈತುಂಬ ಹೊಸ ಬಳೆ. ಮದುವೆಯಾದಾಗಿನಿಂದ ಪೌಡರ್ ಡಬ್ಬಿ ಮುಟ್ಟದವಳು! ಗಂಡ ಹಾಸಿಗೆ ಹಿಡಿದಿರುವಾಗ ಯಾರಿಗಾಗಿ ಈ ಸಿಂಗಾರ?

ದೇವಿಕಾ ಬಸ್ ಸ್ಟ್ಯಾಂಡಿನ ಕಡೆ ಹೋಗಲೇ ಇಲ್ಲ. ಅಕ್ಕಪಕ್ಕ ನೋಡಿ, ಗುಲ್ಶನ್ ಬೇಗಂಳ ಬಳೆ ಅಂಗಡಿಯ ಹಿಂದಿನ ಬಾಗಿಲಿನಿಂದ ಒಳಗೆ ನುಸುಳಿದಳು. ಸ್ವಪ್ನಾ ಕಿಟಕಿಯಲ್ಲಿ ಇಣುಕಿದಳು. ಅವ್ವ ಬಳೆಗಳನ್ನು ಕಳಚಿಟ್ಟಳು. ಮುಖ ತೊಳೆದಳು. ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಗುಲ್ಶನ್ ಬೇಗಂ ಕಿಟಕಿಯ ಪುಟ್ಟ ಕಳ್ಳಿಯನ್ನು ಹಿಡಿದೇಬಿಟ್ಟಳು. ಬೈಯಲಿಲ್ಲ. ಯಾಕೋ ಒಮ್ಮೆ ಅಪ್ಪಿಕೊಂಡಳು. "ನಿಮ್ಮವ್ವ ಮಲಗ್ಯಾಳ ಬೇಟಿ. ಬಾ, ನಿನಗ ಅಂಗಡಿ ತೋರಿಸ್ತೀನಿ," ಎಂದಳು.

ಈಗ ರಾಯಚೂರಿನಲ್ಲಿ ಪಾರ್ಲರ್ ನಡೆಸುವ ಸ್ವಪ್ನಾಗೆ ಆ ದಿನ ಇನ್ನೂ ಕಣ್ಣ ಮುಂದಿದೆ. ಗಾಜಿನ ಕಪಾಟು ತುಂಬ ಸ್ನೋ, ಪೌಡರ್, ಸುರ್ಮಾ, ಉಗುರುಬಣ್ಣ. ಲಿಪ್‌ಸ್ಟಿಕ್ ತಿರುವಿದರೆ ಮೇಲೇಳುತ್ತದೆ ಎಂಬುದೇ ಅವಳಿಗೊಂದು ಬೆರಗು. ತಿರುವಿದಳು, ಇಳಿಸಿದಳು, ಮತ್ತೆ ತಿರುವಿದಳು. ಕೈ ಮೇಲೆಲ್ಲ ಗೀಟು ಎಳೆದುಕೊಂಡಳು. ಪೌಡರಿನ ಘಮಕ್ಕೆ ಮೂರು ಸಲ ಸೀನಿದಳು. ಹುಟ್ಟಿದ ಮೇಲೆ ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

ಸಂಜೆ ದೇವಿಕಾ ಹೊರಗೆ ಬಂದು ಕನ್ನಡಿಯ ಮುಂದೆ ಕುಳಿತಳು. ಮಗಳನ್ನು ಕಂಡು ಒಂದು ಕ್ಷಣ ಗಾಬರಿಯಾದಳು. ಗುಲ್ಶನ್ ಬೇಗಂ ಅವಳ ಕಣ್ಣ ಕೆಳಗೆ ಸ್ನೋ ತೀಡಿದಳು, ಕೆನ್ನೆಗೆ ಪೌಡರ್ ಒತ್ತಿದಳು, ಒಣಗಿ ಬಿರಿದಿದ್ದ ತುಟಿಗೆ ಬಣ್ಣ ಸವರಿ, ಕಾಡಿಗೆ, ಕುಂಕುಮ ಇಟ್ಟು ಬಳೆ ತೊಡಿಸಿದಳು. ಅವ್ವ ಇಷ್ಟು ಚೆಂದ ಇದ್ದಾಳೆಂದು ಸ್ವಪ್ನಾಗೆ ಗೊತ್ತೇ ಇರಲಿಲ್ಲ.

"ನನಗೂ!" ಎಂದು ಹಟ ಹಿಡಿದಳು. ಅವಳ ತುಟಿಗೂ ಒಂದಿಷ್ಟು ಬಿತ್ತು.

"ಅಜ್ಜಿಗಿ ಹೇಳಬ್ಯಾಡವ್ವಾ," ಎಂದಳು ದೇವಿಕಾ.

ಹೇಳುವ ಅಗತ್ಯವೇ ಬೀಳಲಿಲ್ಲ. ಹುಡುಗಿಯ ತುಟಿ ನೋಡಿದ್ದೇ ಬಸವಂತಮ್ಮ ಎದ್ದು ಕುಳಿತಳು.

"ಬಳಿ ಅಂಗಡಿಗಿ ಹೋಗಿದ್ರೇನು? ಆ ಮನ್ಯಾಗ ಗಂಡಸರು ಯಾರಿದ್ರು?"

"ನಯೀಮ್ ಮಾಮಾ. ಗುಲ್ಶನ್ ಬೇಗಂ ತಮ್ಮ. ಅಪ್ಪನ ಗಂಜಿ ಅವರೇ ಕುಡದ್ರು."

ಮುದುಕಿಯ ಮುಖ ಕಪ್ಪಿಟ್ಟಿತು. ವಿರೂಪಣ್ಣ ಓಡಿ ಬಂದ. "ಯವ್ವಾ, ಸುಮ್ಮನ ಮಕ್ಕೊ. ಎದಿಗಿ ತ್ರಾಸ ಆಗ್ತದ."

"ನೀ ಸುಮ್ಮನಿರೋ! ನಿನ್ನ ತಮ್ಮನ ಗಂಜಿ ಕಂಡವರಿಗಿ ಕುಡಿಸ್ಯಾಳಕಿ!" ಗೋಡೆ ಹಿಡಿದು ಮಂಚದಿಂದ ಇಳಿದೇಬಿಟ್ಟಳು. "ಮಗಳನ್ನ ಇಲ್ಲೇ ಬಿಟ್ಟು ದೇವದುರ್ಗಕ್ಕ ನಿಮ್ಮಪ್ಪನ ಮನಿಗಿ ನಡಿ. ಈಗಿಂದೀಗ ನಡಿ!"

ದೇವಿಕಾ ಮಗಳನ್ನು ಬಲವಾಗಿ ಹಿಡಿದುಕೊಂಡಳು. ಒಂದು ಮಾತು ಆಡಿದ್ದರೆ ಸಾಕಿತ್ತು, ಅತ್ತೆಯ ಬಾಯಿ ಅಲ್ಲೇ ಕಟ್ಟುತ್ತಿತ್ತು. ವಿರೂಪಣ್ಣ ಕೈ ಮುಗಿದು ನಿಂತಿದ್ದ. ಯಾರಿಗೆ ಮುಗಿದಿದ್ದನೋ.

"ಹೋಗ್ತೀನಿ ಅತ್ತಿ," ಎಂದಳು. "ನಿಮ್ಮ ಚೆಕಪ್ ಒಂದು ಮುಗೀಲಿ. ಆಮ್ಯಾಲ ನೀವು ಹೇಳಿದಂಗ ಕೇಳ್ತೀನಿ. ಸ್ವಪ್ನಾನ್ನ ಮಾತ್ರ ಕಸ್ಕೋಬ್ಯಾಡ್ರಿ."

"ಯಾರಿಗಿ ಹಚ್ಚಿಗೊಂಡಿದಿ ಇದನ್ನ? ಯಾರಿಗಿ?"

ಬಸವಂತಮ್ಮ ಸೆರಗಿನಿಂದ ಸೊಸೆಯ ಮುಖವನ್ನು ಒರಸಿಯೇಬಿಟ್ಟಳು. ತುಟಿಯ ಬಣ್ಣ ಹೋಯಿತು. ಕಾಡಿಗೆ ಹೋಯಿತು. ಹಣೆಯ ಕುಂಕುಮವೂ ಹೋಯಿತು.

ಕೈ ಅಲ್ಲೇ ನಿಂತಿತು. ಸೆರಗಿಗೆ ಹತ್ತಿದ ಕೆಂಪನ್ನು ನೋಡಿ ಮುದುಕಿ ಹಣೆ ಬಡಿದುಕೊಂಡಳು.

"ಶಿವ ಶಿವಾ! ಏನು ಮಾಡಿದ್ನೆಪ್ಪಾ ನಾ! ಮಗ ಅಲ್ಲಿ ಆಸ್ಪತ್ರ್ಯಾಗ ಮಕ್ಕೊಂಡಾನ, ನಾ ಇಲ್ಲಿ ಮುತ್ತೈದಿ ಕುಂಕುಮ ಅಳಿಸಿದ್ನಲ್ಲಾ!" ಅವಳೇ ಭರಣಿ ತಂದಳು. ಹಣೆಯತ್ತ ಬೆರಳು ಹೋಯಿತು, ಮತ್ತೆ ಹಿಂದೆ ಸರಿಯಿತು. "ಗಂಡ ಇಲ್ಲದಾಕಿ ನಾ, ನಾ ಹಚ್ಚಬಾರದು. ಸ್ವಪ್ನಾ, ಬಾ ಬೇ, ನಿಮ್ಮವ್ವಗ ನೀ ಹಚ್ಚು. ಲಗೂ ಹಚ್ಚು!"

ಸ್ವಪ್ನಾ ಹಿಗ್ಗಿ ಮುಂದೆ ಬಂದಳು. ಗುಲ್ಶನ್ ಬೇಗಂ ಮಾಡಿದಂತೆಯೇ ಎಡಗೈಯಲ್ಲಿ ಅವ್ವನ ಗದ್ದ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು, ಕುಂಕುಮವನ್ನು ಗುಂಡಗೆ ತಿದ್ದಿದಳು. ಅವಳು ಇನ್ನೊಬ್ಬರಿಗೆ ಮಾಡಿದ ಮೊದಲ ಸಿಂಗಾರ ಅದು. ಎಲ್ಲಿಯೂ ಸೊಟ್ಟ ಇರಲಿಲ್ಲ. ದೇವಿಕಾ ಕಣ್ಣು ಮುಚ್ಚಿಕೊಂಡೇ ಇದ್ದಳು. ವಿರೂಪಣ್ಣ ಗೋಡೆಯ ಕಡೆ ತಿರುಗಿ ನಿಂತ.

"ಹಾಂ," ಎಂದು ಬಸವಂತಮ್ಮ ಮಂಚಕ್ಕೆ ಒರಗಿದಳು. "ಇನ್ನ ನನ್ನ ಮಗಗ ಏನೂ ಆಗೂದಿಲ್ಲ."

ಕಲ್ಮಲದಲ್ಲಿದ್ದ ತಮ್ಮ ಹೊಲದಲ್ಲಿ ಆನಂದನನ್ನು ಮಣ್ಣು ಮಾಡಿ ಆಗಲೇ ವಾರ ಕಳೆದಿತ್ತು.