ಬೂರುಗದ ಮರಕ್ಕೆ ಹೇಳಿದ್ದು

ನಿದ್ದೆ ಬಾರದೆ ಸೊರಗಿದ್ದ ವಾರಿಜಳಿಗೆ, ಆ ಮನೆಯವರೆಲ್ಲರ ಕಾಯಿಲೆ ನೋಡುತ್ತಿದ್ದ ಡಾಕ್ಟರು ಮಾತ್ರೆ ಬರೆಯಲಿಲ್ಲ. "ದಿನಾ ಬೆಳಿಗ್ಗೆ ಸಸ್ಯೋದ್ಯಾನಕ್ಕೆ ಹೋಗಿ. ಒಂದು ಮರದ ಹತ್ತಿರ ಕೂತು, ಮನಸ್ಸಲ್ಲಿರೋದನ್ನೆಲ್ಲ ಹೇಳ್ಬಿಡಿ," ಅಂದರು.

ಅವಳು ಹಳೆಯ ಬೂರುಗದ ಮರವೊಂದನ್ನು ಆರಿಸಿಕೊಂಡಳು. ಅದರ ಬೇರುಗಳು ಆಳೆತ್ತರದ ಗೋಡೆಗಳಂತಿದ್ದವು, ಸಂದಿಯಲ್ಲಿ ಕೂತರೆ ಯಾರಿಗೂ ಕಾಣುವಂತಿರಲಿಲ್ಲ. ಅತ್ತೆ ದೇವಸ್ಥಾನಕ್ಕೆಂದು ಹೊರಟ ಮೇಲೆ ಇವಳು ಇಲ್ಲಿಗೆ ಬಂದು, ಗಂಟಲು ಹರಿದುಹೋಗುವಂತೆ ದೂರುತ್ತಿದ್ದಳು.

"ನಮ್ಮತ್ತೆ ಸಾರಿಗೆ ಬೆಲ್ಲ ಸುರೀತಾರೆ ಕಣಪ್ಪ."

ಮರುದಿನ ಸಾರಿನಲ್ಲಿ ಬೆಲ್ಲವಿರಲಿಲ್ಲ.

"ಟೀವಿ ಬೀದಿಗೆಲ್ಲ ಕೇಳೋ ಹಾಗೆ ಇಡ್ತಾರೆ."

ಅಂದು ಸಂಜೆ ಟೀವಿ ಪಿಸುಗುಟ್ಟುತ್ತಿತ್ತು. ಅತ್ತೆ ಅದರ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಕಿವಿಗೆ ಕೈ ಆನಿಸಿ ಧಾರಾವಾಹಿ ನೋಡುತ್ತಿದ್ದರು.

"ಆ ಮರಕ್ಕೆ ಏನೋ ಶಕ್ತಿ ಇದೆ ಕಣ್ರೀ," ಅಂದಳು ಗಂಡನಿಗೆ.

"ಹಾಗಿದ್ರೆ ಬೇರೆ ಮನೆ ಹುಡುಕೋದು ಬೇಡ್ವಾ?"

"ತಡೀರಿ, ನೋಡೋಣ."

ಆ ರಾತ್ರಿ ದಿಂಬಿಗೆ ತಲೆ ಕೊಟ್ಟದ್ದೇ ತಡ, ನಿದ್ದೆ ಬಂತು. ಬೆಳಿಗ್ಗೆ ಮರದ ಬುಡದಲ್ಲಿ ಕೂತವಳಿಗೆ ಯಾಕೋ ನಾಚಿಕೆ. ತೊಗಟೆಗೆ ತುಟಿ ತಾಗಿಸಿ ಮೆಲ್ಲಗೆ ಉಸುರಿದಳು: "ನಮ್ಮತ್ತೆ ಒಳ್ಳೆಯವರು ಕಣಪ್ಪ. ನಮಗೆ ಬೇರೆ ಮನೆ ಬೇಡ."

ಬೇರಿನ ಆಚೆಯಿಂದ ಅತ್ತೆಯ ದನಿ ಬಂತು: "ಬೈಯೋವಾಗೆಲ್ಲ ಚೆನ್ನಾಗಿ ಕೇಳಿಸ್ತಿತ್ತು. ಇದನ್ನೂ ಸ್ವಲ್ಪ ಜೋರಾಗಿ ಹೇಳಮ್ಮ."