ಇಬ್ಬರ ಕೋಣೆ

"ಎಂಟನೇ ಕೋಣೆ. ಇಬ್ಬರು ಅಂತ ಬರೆಸಿದ್ದೆ. ಒಬ್ಬರು ಅಂತ ಮಾಡಿ," ಎಂದಿತು ಫೋನಿನಾಚೆಯ ಗಂಡುದನಿ, ಜರ್ಮನ್‌ನಲ್ಲಿ.

ಫೋನ್ ಹಿಡಿದಿದ್ದ ಅಕ್ಕನ ಎದುರಿನ ಗೋಡೆಯ ಮೇಲೆ ತಮ್ಮ ಅಂಟಿಸಿದ, ಮರ್ಯಾದೆಯ ಜರ್ಮನ್ ಮಾತುಗಳ ಚೀಟಿಯಿತ್ತು. ವಸತಿಗೃಹದ ಯಜಮಾನನಾದ ಅವನು ಜರ್ಮನ್ ಕಲಿತದ್ದು ಪುಸ್ತಕದಿಂದ. ಅಕ್ಕ ಕಲಿತದ್ದು ಜರ್ಮನ್ ಸಂಸಾರವೊಂದರ ಮಕ್ಕಳನ್ನು ಹನ್ನೊಂದು ವರ್ಷ ಎತ್ತಿ ಆಡಿಸುತ್ತ. ಆ ಮನೆಯಲ್ಲಿ 'ತಾವು' ಎಂಬ ಮಾತಿಗೆ ಕೆಲಸವೇ ಬಿದ್ದಿರಲಿಲ್ಲ. "ಬುಕಿಂಗ್ ಮಾಡೋರ ಹತ್ರ ಚೀಟೀಲಿರೋದಷ್ಟೇ ಓದು. ಇನ್ನೊಂದ್ಸಲ ನಿನ್ನ ಅಡುಗೆಮನೆ ಜರ್ಮನ್ ಕೇಳಿಸ್ತೋ, ಫೋನ್ ಬಿಟ್ಟು ಹಾಸಿಗೆಬಟ್ಟೆ ಮಡಚೋಕೆ ಹೋಗ್ಬೇಕು," ಎಂದು ಬೆಳಿಗ್ಗೆಯಷ್ಟೇ ಎಚ್ಚರಿಸಿದ್ದ. ಅಕ್ಕನಿಗೋ ದಿನಕ್ಕೆ ಹತ್ತು ಮಂದಿಯ ದನಿ ಕಿವಿಗೆ ಬೀಳದಿದ್ದರೆ ಉಂಡದ್ದು ಮೈಗೆ ಹತ್ತದು.

'ತಮ್ಮ ಇಚ್ಛೆಯಂತೆ ಬದಲಿಸಲಾಗಿದೆ' ಎಂದು ಓದಬೇಕಿತ್ತು. ಬಾಯಿ ತೆರೆದಳು. ಬಂದದ್ದೇ ಬೇರೆ.

"ಅಯ್ಯೋ, ಯಾಕಪ್ಪಾ? ನಿನ್ನ ಹೆಂಡ್ತಿ ಹುಷಾರಾಗಿದ್ದಾಳೆ ತಾನೇ?"

ಆಚೆ ಕಟ್ಟೆ ಒಡೆಯಿತು. ಹೆಂಡತಿ ಕಾರನ್ನು ಗೇಟಿಗೆ ಗುದ್ದಿದಳಂತೆ. ಇವನು ನೆಂಟರ ಮುಂದೆ ಅದನ್ನು ನಟಿಸಿ ತೋರಿಸಿದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ನಾಲ್ಕು ದಿನದಿಂದ ಮನೆಯಲ್ಲಿ ಮಾತಿಲ್ಲ.

"ನಗಿಸೋಕೆ ನಿನಗೆ ಹೆಂಡ್ತಿನೇ ಸಿಕ್ಕಿದ್ಲಾ? ನೀನು ಎಲ್ಲೂ ಗುದ್ದೇ ಇಲ್ವಾ?"

"ಗುದ್ದಿದೀನಿ... ಎರಡು ಸಲ."

"ಹೋಗು, ಅದನ್ನ ಅವಳ ಮುಂದೆ ಆಡಿ ತೋರಿಸು. ಸಂಜೆವರೆಗೂ ನಾನು ಬುಕಿಂಗ್ ಮುಟ್ಟಲ್ಲ. ದೇವರು ಒಳ್ಳೇದು ಮಾಡ್ಲಿ, ಇಡು ಫೋನು."

ಬಾಗಿಲಲ್ಲಿ ತಮ್ಮ ನಿಂತಿದ್ದ. "ಅವರು ಕೇಳಿದ್ದು ಕೋಣೆ, ಬುದ್ಧಿಮಾತಲ್ಲ! ಏಳು ಅಲ್ಲಿಂದ."

"ಬೈಯೋಕಾದ್ರೂ ಪುಸ್ತಕ ತೆಗೀಲಿಲ್ವಲ್ಲ, ನನ್ನ ಪುಣ್ಯ," ಎಂದು ಅಕ್ಕ ಎದ್ದು ಬಟ್ಟೆ ಮಡಚಲು ಹೋದಳು. ಮಾತು ನಗೆಯದು, ಮುಖ ಮಾತ್ರ ಚಿಕ್ಕದಾಗಿತ್ತು.

ಸಂಜೆ ಫೋನ್ ಬಂದಾಗ ತಮ್ಮನೇ ಎತ್ತಿ, ಚೀಟಿಯಲ್ಲಿದ್ದುದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಅರೆನಿಮಿಷದಲ್ಲಿ ಫೋನ್ ಹಿಡಿದೇ ಬಟ್ಟೆಯ ಕೋಣೆಗೆ ಓಡಿಬಂದ. "ಅವರ ಹೆಂಡ್ತಿ ಕಣೇ. ಗಂಡನಿಗೆ ಬೈದೋರನ್ನೇ ಕರೀರಿ ಅಂತಿದಾರೆ!"

ಅಕ್ಕ ಅಳುಕುತ್ತಲೇ ಕಿವಿಗಿಟ್ಟಳು. ಕೇಳುತ್ತ ಕೇಳುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕಾರೂ ತಾನೇ, ಗೇಟೂ ತಾನೇ ಆಗಿ ಕುಣಿದನಂತೆ ಕಣೋ! ಎಂಟನೇ ಕೋಣೆ ಇಬ್ಬರಿಗೇ ಇರಲಿ ಅಂತೆ."

ತಮ್ಮ ಹೋಗಲಿಲ್ಲ. ಅಕ್ಕ ಹಿಡಿದಿದ್ದ ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡ.

"ಅಕ್ಕಾ, 'ಮುನಿಸು ಬಿಡು' ಅಂತ ಆ ಭಾಷೇಲಿ ಮನೆಯೋರಿಗೆ ಹೇಗೆ ಹೇಳ್ತಾರೆ? ನನ್ನ ಪುಸ್ತಕದಲ್ಲಿ ಅದಿಲ್ಲ."

"ಯಾರಿಗೆ ಹೇಳ್ಬೇಕಿತ್ತೋ?"

"ಇಲ್ಲೇ ಒಬ್ಬಳಿದ್ದಾಳೆ," ಎಂದ ತಮ್ಮ, ಹೊದಿಕೆಯ ಅಂಚನ್ನೇ ನೋಡುತ್ತ.