ಒಂದೇ ಸೀಟಿನ ಗಾಡಿ

ಗ್ರೀಸಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆ ಮಧ್ಯಾಹ್ನ ಇಳಕಲ್ಲಿನ ನಮ್ಮ ಅಂಗಳದಲ್ಲಿ ಅಪ್ಪ, ಗುಜರಿಯಿಂದ ತಂದ ಹಳೆಯ ಸ್ಪೋರ್ಟ್ಸ್ ಕಾರನ್ನು ಅಗ್ಗದಲ್ಲೇ ರೇಸ್ ಕಾರು ಮಾಡಲು ಕೂತಿದ್ದ. ಭಾರ ಇಳಿಸಬೇಕೆಂದು ಪಕ್ಕದ ಸೀಟು ಕಿತ್ತಾಗ, ಅದರಡಿ ಕೊಳೆತು ಜಿನುಗುತ್ತಿದ್ದ ಇಲಿ ಸಿಕ್ಕಿತು. ಕೈಗೆ ಸಿಕ್ಕ ಬಟ್ಟೆಯಿಂದ ಅದನ್ನು ಬಳಿದು ತೆಗೆದ. ಅದೇ ಬಟ್ಟೆಗೆ ಗ್ರೀಸಿನ ಕೈಯನ್ನೂ ಒರೆಸಿಕೊಂಡ. ಅದರ ತುದಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ನೇಯ್ದ ಬಿಳಿ ತೆನೆಗಳು ಕಂಡವು.

"ಅದು ನನ್ನ ಮದುವಿ ಧಾರಿ ಸೀರಿ ಅಲ್ಲೇನ್ರಿ?" ಅವ್ವ ಕೇಳಿದಳು.

ಅಪ್ಪ ತಲೆ ಎತ್ತಲಿಲ್ಲ. "ಟ್ರಂಕಿನ್ಯಾಗ ಸುಮ್ನ ಬಿದ್ದಿತ್ತು."

ಅವ್ವ ಕಿತ್ತ ಸೀಟನ್ನು ನೋಡಿದಳು. "ನಾ ಎಲ್ಲಿ ಕುಂದರ್ಲಿ?"

"ರೇಸಿನ ಗಾಡ್ಯಾಗ ಒಂದ ಸೀಟು ಇರ್ತೈತಿ."

ಅವ್ವ ಸೀರೆಯನ್ನು ಒಗೆಯಲಿಲ್ಲ. ಹೊಲಸಿನ ಸಮೇತ ನೀಟಾಗಿ ಮಡಚಿ, ಆ ಒಂದು ಸೀಟಿನ ಮೇಲಿಟ್ಟು ಒಳಗೆ ಹೋದಳು.